ನಾಯಿಗೆ ಅನ್ನ ಹಾಕಿ, ರಸ್ತೆ ತಿರುವಿನಲ್ಲಿ ಮಾತ್ರ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ತುಮಕೂರಿನ ಮನೆಗಳ ಬಾಗಿಲಿಗೆ ಮುಟ್ಟಿಸುವವರಲ್ಲಿ ನಾನೂ ಒಬ್ಬ. ಬೆಳಗಿನ ಜಾವ ವ್ಯಾನಿನಿಂದ ಬಂಡಲ್ ಇಳಿಸಿಕೊಂಡು, ಪುರವಣಿ ಸೇರಿಸಿ, ಲೈನಿಗೆ ಇಷ್ಟು ಎಂದು ಎಣಿಸಿ ಹುಡುಗರ ಕೈಗೆ ಕೊಡುವುದು, ಹುಡುಗ ಬಾರದ ದಿನ ನಾನೇ ಸೈಕಲ್ ಹತ್ತುವುದು ನನ್ನ ಕೆಲಸ. ನನ್ನ ಬಳಿ ಪೇಪರ್ ಹಾಕುವವರೆಲ್ಲ ಪಿಯುಸಿ, ಡಿಗ್ರಿ ಓದುತ್ತಿರುವವರು. ಐದು ಗಂಟೆಯಿಂದ ಏಳರವರೆಗೆ ದುಡಿದು ಫೀಸಿಗೆ, ಬಸ್ ಪಾಸಿಗೆ ಹೊಂದಿಸಿಕೊಳ್ಳುತ್ತಾರೆ. ಮಳೆಗೆ ಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿ ತಾವು ನೆನೆದುಕೊಂಡು ಹೋಗುತ್ತಾರೆ. ಮಾಗಿ ಚಳಿಗೂ ಯಾರೂ ಕೆಲಸ ಬಿಟ್ಟವರಲ್ಲ. ಈಚೆಗೆ ಬಿಟ್ಟು ಹೋಗುವವರು ಹೇಳುವ ಕಾರಣ ಒಂದೇ: "ಅಣ್ಣಾ, ಆ ಲೈನ್ ಮಾತ್ರ ಬೇಡ. ನಾಯಿ ಕಾಟ."

ಬೀದಿನಾಯಿಗಳ ಬಗ್ಗೆ ಓದುಗರು ಬರೆಯುವ ಪತ್ರಗಳನ್ನು ತಪ್ಪದೆ ಓದುತ್ತೇನೆ. ಎಲ್ಲವನ್ನೂ ಹಿಡಿದು ಊರಾಚೆ ಬಿಟ್ಟುಬನ್ನಿ ಎಂದು ಕೆಲವರು, ಮೂಕಪ್ರಾಣಿಗಳ ತಂಟೆಗೆ ಹೋಗಬೇಡಿ ಎಂದು ಕೆಲವರು. ಸೈಕಲ್ ಮೇಲೆ ಕೂತವನ ಪಾಡು ಎರಡರಲ್ಲೂ ಬರುವುದಿಲ್ಲ.

ಬೈಕಿನವರನ್ನೂ ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಅವರು ಆಕ್ಸಿಲರೇಟರ್ ಕೊಟ್ಟು ದಾಟಿಬಿಡುತ್ತಾರೆ. ನಮ್ಮ ಹುಡುಗನ ಹ್ಯಾಂಡಲ್ಲಿಗೆ ಪೇಪರ್ ತುಂಬಿದ ಚೀಲ ನೇತಾಡುತ್ತಿರುತ್ತದೆ, ಹಿಂದೆ ಕ್ಯಾರಿಯರ್ ಮೇಲೆ ಇನ್ನೊಂದು ಕಟ್ಟು. ಭಾನುವಾರವಾದರೆ ಪುರವಣಿಯ ಭಾರ ಬೇರೆ. ನಾಯಿ ಪಕ್ಕಕ್ಕೆ ಬಂದು ಕಣಕಾಲಿಗೆ ಬಾಯಿ ಹಾಕಿದ ಕೂಡಲೇ ಅವನು ಎರಡೂ ಕಾಲನ್ನು ಪೆಡಲಿನಿಂದ ಎತ್ತಿ ಮುಂದಿನ ಕಂಬಿಯ ಮೇಲೆ ಇಟ್ಟುಕೊಳ್ಳುತ್ತಾನೆ. ತುಳಿತ ನಿಂತಿತು, ವೇಗ ಇಳಿಯಿತು, ಚೀಲ ಹ್ಯಾಂಡಲ್ಲನ್ನು ಒಂದು ಕಡೆಗೆ ಎಳೆಯಿತು. ಬೀಳುವುದು ಆಗಲೇ. ನಮ್ಮಲ್ಲಿ ಕಚ್ಚಿಸಿಕೊಂಡವರಿಗಿಂತ ಬಿದ್ದು ಪೆಟ್ಟು ಮಾಡಿಕೊಂಡವರೇ ಜಾಸ್ತಿ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗನ ಮುಂಗೈ ಮೂಳೆ ಮುರಿಯಿತು, ಹಿಂದೆ ಬರುತ್ತಿದ್ದ ಹಾಲಿನ ಗಾಡಿ ಅವನಿಂದ ಮೊಳದ ದೂರದಲ್ಲಿ ನಿಂತಿತು. ನಾಯಿಯ ಹಲ್ಲು ಅವನಿಗೆ ತಾಕಿಯೇ ಇರಲಿಲ್ಲ. ಹಾಗಾಗಿ ನಾಯಿ ಕಡಿತದ ಯಾವ ಲೆಕ್ಕದಲ್ಲೂ ಅವನು ಸೇರುವುದಿಲ್ಲ. ಪರೀಕ್ಷೆಯ ವರ್ಷ, ಬಲಗೈಗೆ ಪಟ್ಟಿ.

ಹೊಸ ಹುಡುಗ ಸೇರಿದರೆ ಮನೆ ನಂಬರಿಗಿಂತ ಮೊದಲು ನಾನು ಹೇಳಿಕೊಡುವುದು ನಾಯಿಯ ವಿಷಯವನ್ನೇ. ನಾಯಿ ಬೆನ್ನಟ್ಟುವುದು ಓಡುವುದನ್ನು. ತಿರುಗುವ ಚಕ್ರ, ತುಳಿಯುವ ಕಾಲು ಕಂಡರೆ ಅದರ ಹುಟ್ಟುಗುಣ ಕೆರಳುತ್ತದೆ. ಭಾರ ಹೇರಿಕೊಂಡ ಸೈಕಲ್ಲಿನಲ್ಲಿ, ಅದೂ ಏರಿನಲ್ಲಿ, ನಾಯಿಯನ್ನು ಹಿಂದೆ ಹಾಕುವ ಮಾತೇ ಇಲ್ಲ. ಅದಕ್ಕೇ ಬ್ರೇಕ್ ಹಿಡಿದು ಇಳಿದುಬಿಡು, ಸೈಕಲ್ ನಿನಗೂ ಅದಕ್ಕೂ ನಡುವೆ ಅಡ್ಡ ಇರಲಿ ಎನ್ನುತ್ತೇನೆ. ಚಕ್ರ ನಿಂತರೆ ಅರ್ಧ ನಾಯಿಗಳ ಆಟ ಅಲ್ಲಿಗೇ ಮುಗಿಯುತ್ತದೆ. ಅದರ ಕಣ್ಣನ್ನೇ ದಿಟ್ಟಿಸಬಾರದು, ಬೆನ್ನು ತಿರುಗಿಸಿ ಓಡಬಾರದು, ಒದೆಯಲಂತೂ ಹೋಗಬಾರದು. ಒದೆಯಲು ಎತ್ತಿದ ಕಾಲೇ ಅದರ ಬಾಯಿಗೆ ಸಿಗುವುದು. ದನಿ ಗಟ್ಟಿ ಮಾಡಿ ಒಂದು ಸಲ "ಹಚಾ" ಅಂದರೆ ಸಾಕು, ಕಿರುಚಿದರೆ ಅದಕ್ಕೂ ಗಾಬರಿ ಏರುತ್ತದೆ. ಅದಕ್ಕೂ ಜಗ್ಗದಿದ್ದರೆ ಕಲ್ಲು ಎತ್ತಿಕೊಳ್ಳುವವನ ಹಾಗೆ ಬಗ್ಗಬೇಕು. ಬೀದಿಯಲ್ಲಿ ಬೆಳೆದ ನಾಯಿಗೆ ಮನುಷ್ಯ ಬಗ್ಗಿದ ಅಂದರೆ ಏನು ಅಂತ ಗೊತ್ತು, ಹಿಂದೆ ಸರಿಯುತ್ತದೆ. ಕಲ್ಲು ಎಸೆಯಬೇಡ ಎಂದು ಮಾತ್ರ ಒತ್ತಿ ಹೇಳುತ್ತೇನೆ. ಇವತ್ತು ಏಟು ತಿಂದ ನಾಯಿ ನಾಳೆಯಿಂದ ಸೈಕಲ್ ಸದ್ದಿಗೇ ಎದ್ದು ಬರುತ್ತದೆ, ನಿನಗಲ್ಲದಿದ್ದರೆ ಹಿಂದೆ ಬರುವ ಸ್ಕೂಲ್ ಮಗುವಿಗೆ. ಆಮೇಲೆ ಸೈಕಲ್ ತಳ್ಳಿಕೊಂಡೇ ನಡೆ, ನಾಲ್ಕೈದು ಮನೆ ದಾಟಿದರೆ ಅದರ ಸರಹದ್ದು ಮುಗಿಯಿತು, ತಾನಾಗಿ ನಿಲ್ಲುತ್ತದೆ.

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಇನ್ನೊಂದು ಎಚ್ಚರ ಬೇಕು. ಆಗ ಮರಿ ಹಾಕಿದ ನಾಯಿಗಳು ಮೋರಿ ಪೈಪಿನೊಳಗೆ, ಕಟ್ಟುತ್ತಿರುವ ಮನೆಯ ಮರಳು ಗುಡ್ಡೆಯ ಹಿಂದೆ ಇರುತ್ತವೆ. ಸೌಮ್ಯವಾಗಿದ್ದ ನಾಯಿಯೂ ಆ ದಿನಗಳಲ್ಲಿ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅದರ ತಪ್ಪಲ್ಲ. ಅಂಥ ಕಡೆ ಒಂದು ತಿಂಗಳು ಪಕ್ಕದ ಕ್ರಾಸಿನಿಂದ ಸುತ್ತಿಕೊಂಡು ಹೋಗುತ್ತೇವೆ.

ಈ ಉಪಾಯಗಳೆಲ್ಲ ಒಂದೆರಡು ನಾಯಿಗೆ ನಡೆಯುತ್ತವೆ. ಏಳೆಂಟರ ಗುಂಪು ಸುತ್ತುಗಟ್ಟಿದರೆ ಯಾವುದೂ ನಡೆಯುವುದಿಲ್ಲ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬಟವಾಡಿ, ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ, ಮರಳೂರು, ಕ್ಯಾತಸಂದ್ರ ಹೀಗೆ ಊರಿನ ಯಾವ ಕಡೆ ಪೇಪರ್ ಹಾಕುವವರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಗುಂಪು ಲೈನಿನ ಉದ್ದಕ್ಕೂ ಇರುವುದಿಲ್ಲ, ಒಂದೆರಡು ಕಡೆ ಇರುತ್ತದೆ. ಕೋಳಿ ಅಂಗಡಿಯ ಕರುಳು, ಪುಕ್ಕ ತಂದು ಸುರಿಯುವ ಖಾಲಿ ಸೈಟು, ಹೋಟೆಲಿನ ಮಿಕ್ಕಿದ್ದು ಬೀಳುವ ಮೂಲೆ, ಪುಣ್ಯಾತ್ಮರು ಅನ್ನ ಇಡುವ ತಿರುವು. ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟ ಕಳೆದ ಮೇಲಂತೂ ವಾರಗಟ್ಟಲೆ ಆ ಸೈಟುಗಳ ಬಳಿ ಸೈಕಲ್ ಹೋಗಲಾರದು. ನಾಯಿ ಕಾಯುತ್ತಿರುವುದು ರಸ್ತೆಯನ್ನಲ್ಲ, ತನ್ನ ಊಟವನ್ನು. ಬೆಳಿಗ್ಗೆ ಐದೂವರೆಗೆ ಮೈಮೇಲೆ ಬಿದ್ದ ನಾಯಿಯೇ ಹತ್ತು ಗಂಟೆಗೆ ಅದೇ ರಸ್ತೆಯಲ್ಲಿ ಅಂಗಾತ ಮಲಗಿರುತ್ತದೆ. ಬಿಲ್ ವಸೂಲಿಗೆ ಅದೇ ಸೈಕಲ್ಲಿನಲ್ಲಿ ಹೋದರೆ ತಲೆ ಕೂಡ ಎತ್ತುವುದಿಲ್ಲ.

ನನ್ನ ಲೈನೊಂದರಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಬೆಳಕು ಹರಿಯುವ ಮುಂಚೆಯೇ ಅಡಿಕೆ ಹಾಳೆಯ ತಟ್ಟೆಗಳಲ್ಲಿ ಹಾಲು ಕಲಸಿದ ಅನ್ನ ತಂದು ತಿರುವಿನ ಲೈಟು ಕಂಬದ ಬುಡದಲ್ಲಿ ಸಾಲಾಗಿ ಇಡುತ್ತಿದ್ದರು. ನಾಯಿಗಳು ನಾಲ್ಕೂವರೆಗೇ ಬಂದು ಕಾದಿರುತ್ತಿದ್ದವು. ನಮ್ಮ ಹುಡುಗ ಬರುವುದೂ ಅವು ಅಲ್ಲಿರುವ ಹೊತ್ತಿಗೇ. ಒಂದು ದಿನ ಹೋಗಿ ಮಾತಾಡಿದೆ.

"ಅಮ್ಮ, ನಾಯಿಗೆ ಹಾಕಬೇಡಿ ಅಂತ ಹೇಳೋಕೆ ಬಂದಿಲ್ಲ. ಈ ತಿರುವಿನಲ್ಲಿ ಮಾತ್ರ ಬೇಡಿ. ಹುಡುಗರು ಬೀಳ್ತಾರೆ."

"ಮತ್ತೆ ಎಲ್ಲಿ ಹಾಕಲಪ್ಪ? ನಮ್ಮ ಗೇಟ್ ಮುಂದೆ ಹಾಕಿದ್ರೆ ಎದುರು ಮನೆಯವರು ಜಗಳಕ್ಕೆ ಬರ್ತಾರೆ. ಪಾರ್ಕ್ ಹತ್ರ ಹೋದ್ರೆ ವಾಕಿಂಗ್‌ನವರು ಬೈತಾರೆ. ಯಾರೂ ಕೇಳದ ಜಾಗ ಅಂತ ಇಲ್ಲಿ ಇಡ್ತೀನಿ."

ಅವರ ಮಾತು ನನಗೆ ಸರಿ ಎನಿಸಿತು. ಎಲ್ಲ ಕಡೆಯಿಂದ ಅಟ್ಟಿಸಿಕೊಂಡ ಅನ್ನದ ತಟ್ಟೆ ಕೊನೆಗೆ ಬಂದು ಕೂರುವುದು ಯಾರಿಗೂ ಸೇರದ ರಸ್ತೆಯ ಮೇಲೆ. ಆ ಬೀದಿಯ ಕೊನೆಯಲ್ಲಿ, ಮನೆಗಳಿಂದ ದೂರಕ್ಕೆ, ಕಾಂಪೌಂಡ್ ಇರುವ ಖಾಲಿ ಸೈಟೊಂದಿದೆ. ಅದರ ಮಾಲೀಕರು ನಮ್ಮ ಪೇಪರ್ ಗಿರಾಕಿ. ಕೇಳಿದೆ, ತಟ್ಟೆ ಅಲ್ಲೇ ಬಿಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಅಮ್ಮನೂ ಹೊತ್ತನ್ನು ಏಳು ಗಂಟೆಗೆ ಬದಲಾಯಿಸಿಕೊಂಡರು. ಮೊದಲ ಕೆಲವು ದಿನ ನಾಯಿಗಳು ಕಂಬದ ಬಳಿಯೇ ಕಾದವು. ಆಮೇಲೆ ಒಂದೊಂದಾಗಿ ಸೈಟಿನ ಕಡೆಗೆ ಹೋದವು. ಈಗ ಆ ತಿರುವಿನಲ್ಲಿ ಹುಡುಗರು ಸೈಕಲ್ ಇಳಿಯುವುದಿಲ್ಲ. ನಾಯಿಗಳೂ ಚೆನ್ನಾಗಿವೆ, ಅಮ್ಮನಿಗೂ ಯಾರ ಬೈಗುಳ ಇಲ್ಲ.

ಒಬ್ಬ ಪೇಪರಿನವನು, ಒಬ್ಬ ಅಮ್ಮ, ಒಬ್ಬ ಸೈಟಿನ ಮಾಲೀಕ ಮಾತಾಡಿಕೊಂಡು ಮಾಡಿದ ಈ ಕೆಲಸ ಎಲ್ಲ ವಾರ್ಡುಗಳಲ್ಲೂ ಆಗಬೇಕೆಂದು ನಿಯಮವೇ ಇದೆ. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು, ಬೀದಿನಾಯಿಗೆ ಊಟ ಹಾಕಲು ಜಾಗ ಮತ್ತು ಸಮಯ ಎರಡನ್ನೂ ಗೊತ್ತು ಮಾಡಬೇಕು, ಆ ಜಾಗ ಮಕ್ಕಳು ಆಡುವ ಕಡೆಯಿಂದ, ಹೋಗಿಬರುವ ದಾರಿಯಿಂದ ದೂರ ಇರಬೇಕು ಎನ್ನುತ್ತವೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ, ಪ್ರತಿ ವಾರ್ಡಿನಲ್ಲೂ ಊಟದ ಜಾಗ ಗುರುತಿಸಿ ಫಲಕ ಹಾಕಬೇಕು, ಬೀದಿಯಲ್ಲಿ ಕಂಡಕಂಡಲ್ಲಿ ಹಾಕುವಂತಿಲ್ಲ ಎಂದಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವು ಮಾಡಲು ಹೇಳಿತು. ಚರ್ಚೆಯೆಲ್ಲ ತೆರವಿನ ಸುತ್ತಲೇ ನಡೆಯಿತು. ಊಟದ ಜಾಗದ ಮಾತು ಹಿಂದೆ ಉಳಿಯಿತು. ದಿನಾ ರಸ್ತೆಯಲ್ಲಿ ಇರುವ ನಮಗೆ ಎಲ್ಲಕ್ಕಿಂತ ಬೇಗ ಸಿಗಬಹುದಾದ ನೆಮ್ಮದಿ ಅದರಲ್ಲೇ ಇದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಆಗಲೇಬೇಕು, ರೇಬೀಸ್ ಲಸಿಕೆಯ ಜೊತೆಗೇ ಆಗಬೇಕು. ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ ಆಪರೇಷನ್ ಆಗಿದೆ ಎಂದು ನಮ್ಮ ಹುಡುಗರಿಗೂ ಗೊತ್ತು. ಆದರೆ ಒಂದು ಬೀದಿಯ ಬಹುಪಾಲು ನಾಯಿಗಳಿಗೆ ಆಗುವವರೆಗೆ ಅದರ ಫಲ ಕಾಣುವುದಿಲ್ಲ, ವರ್ಷಗಳೇ ಹಿಡಿಯುತ್ತವೆ. ಹಿಡಿದು ದೂರ ಬಿಟ್ಟುಬಂದರಂತೂ ಪ್ರಯೋಜನವೇ ಇಲ್ಲ, ಕೋಳಿ ಕರುಳು ಬೀಳುವ ಮೂಲೆಗೆ ಪಕ್ಕದ ಬೀದಿಯ ನಾಯಿಗಳು ವಾರದೊಳಗೆ ಬಂದು ಸೇರುತ್ತವೆ. ಊಟದ ಜಾಗ ಬದಲಾಯಿಸಲು ಟೆಂಡರ್ ಬೇಡ, ಶೆಡ್ ಬೇಡ, ಅನುದಾನವೂ ಬೇಡ.

ಸಾಕಿದ ನಾಯಿಯವರಿಗೂ ಒಂದು ಮಾತು. ಬೆಳಿಗ್ಗೆ ಗೇಟ್ ತೆಗೆದು ನಾಯಿಯನ್ನು ಒಂಟಿಯಾಗಿ ಹೊರಗೆ ಬಿಟ್ಟು, ಹುಡುಗ ಕೂಗಿಕೊಂಡಾಗ "ಏನೂ ಮಾಡಲ್ಲ ಬಾರೋ" ಎನ್ನಬೇಡಿ. ನಿಮಗೆ ಏನೂ ಮಾಡದೆ ಇರಬಹುದು. ಸಾಕುಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಇನ್ನು ಕಚ್ಚಿದರೆ ಮಾಡಬೇಕಾದ್ದು. ಹುಡುಗರು ಮನೆಯಲ್ಲಿ ಬೈತಾರೆಂದು ಮುಚ್ಚಿಡುತ್ತಾರೆ, ಮನೆಯವರು ಸುಣ್ಣ, ಅರಿಶಿನ, ಕಾಫಿಪುಡಿ ಮೆತ್ತುತ್ತಾರೆ. ಈಗಲೂ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೆದರಿ ಹಿಂಜರಿಯುವವರಿದ್ದಾರೆ. ಆ ಹಳೆಯ ಲಸಿಕೆ ನಿಂತು ಸುಮಾರು ಇಪ್ಪತ್ತು ವರ್ಷವಾಯಿತು. ಈಗ ಕೊಡುವುದು ತೋಳಿಗೆ. ಕಚ್ಚಿದ ಗಾಯವಾಗಲಿ, ಪರಚಿದ ಗೀರಾಗಲಿ, ಮೊದಲು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋದರೆ ಲಸಿಕೆ ಉಚಿತವಾಗಿ ಸಿಗುತ್ತದೆ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಆ ದಿನ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ತಪ್ಪದೆ ತೆಗೆದುಕೊಳ್ಳಬೇಕು. ರಕ್ತ ಬಂದಿದ್ದರೆ ಗಾಯಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ, ವೈದ್ಯರನ್ನು ಕೇಳಿ ಪಡೆಯಿರಿ. ನಾಯಿ ಸಾಯುತ್ತದೋ ನೋಡೋಣ ಎಂದು ಕಾಯಬೇಡಿ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಯಾವ ಆಸ್ಪತ್ರೆಯಲ್ಲೂ ಇಲ್ಲ.

ನಗರಾಡಳಿತದವರಲ್ಲಿ ನನ್ನ ಕೋರಿಕೆ ಇಷ್ಟು. ವಾರ್ಡುವಾರು ಊಟದ ಜಾಗ ಗುರುತಿಸಿ, ಅನ್ನ ಹಾಕುವವರನ್ನು ಮತ್ತು ಅಕ್ಕಪಕ್ಕದವರನ್ನು ಕೂರಿಸಿ ಮಾತಾಡಿಸಿ, ಫಲಕ ಹಾಕಿ. ಬೆಳಗಿನ ಏಳು ಗಂಟೆಗೆ ಮುಂಚೆ ರಸ್ತೆಯಲ್ಲಿ ಬೇಡ ಎನ್ನಿ. ಕೋಳಿ, ಮಾಂಸದ ಅಂಗಡಿಗಳ ತ್ಯಾಜ್ಯ ಅಂಗಡಿ ಮುಚ್ಚುವ ರಾತ್ರಿಯೇ ಗಾಡಿಗೆ ಸೇರುವ ಹಾಗೆ ಮಾಡಿ, ಬೆಳಗಿನವರೆಗೆ ಉಳಿದರೆ ಅದು ಸೈಟಿಗೇ ಬೀಳುವುದು. ಯಾವ ತಿರುವು, ಯಾವ ಸೈಟು, ಯಾವ ಕಂಬ ಎಂಬುದನ್ನು ಪೇಪರ್ ಹಾಕುವವರು, ಹಾಲು ಹಾಕುವವರು, ಕಸ ಗುಡಿಸುವ ಪೌರಕಾರ್ಮಿಕರಷ್ಟು ಚೆನ್ನಾಗಿ ಬಲ್ಲವರಿಲ್ಲ. ನಮ್ಮ ಹುಡುಗರು ಲೈನುವಾರು ಪಟ್ಟಿ ಬರೆದು ಕೊಟ್ಟಿದ್ದಾರೆ, ನನ್ನ ಬಳಿ ಇದೆ. ಅಧಿಕಾರಿಗಳು ಯಾರೇ ಕೇಳಿದರೂ ಕೊಡುತ್ತೇನೆ. ಬೆಳಿಗ್ಗೆ ಐದಕ್ಕೆ ಬಂದರೆ ಜೊತೆಯಲ್ಲೇ ಹೋಗಿ ತೋರಿಸುತ್ತೇನೆ.

ಇತಿ,
ಒಬ್ಬ ಪತ್ರಿಕಾ ವಿತರಕ, ತುಮಕೂರು