ಗೆಳೆಯನಿಗೊಂದು ಪತ್ರ: ನಕಾಶೆ ಕಂಡ ದಾರಿಗಳು

ಚಿತ್ರದುರ್ಗ

ಪ್ರೀತಿಯ ಗೆಳೆಯಾ,

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮ್ಯಾಲಮ್‌ನಿಂದ ನೀನು ಬರೆದ ಪತ್ರ ಕೈಸೇರಿತು. ಆ ಸುಣ್ಣಕಲ್ಲಿನ ಕಣಿವೆಯಲ್ಲಿ ಓಡಾಡುವಾಗ ದುರ್ಗದ ಗುಡ್ಡಗಳೇ ಕಣ್ಣಮುಂದೆ ಬಂದವು ಎಂದಿದ್ದೀಯ. ನನ್ನ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ, ಬೇಸರಪಡಬೇಡ. ಇಲ್ಲಿ ಗುಡ್ಡ ಹತ್ತುವ ಹುಚ್ಚಿರುವ ಇನ್ನೂ ನಾಲ್ಕು ಜನರ ಕಿವಿಗೆ ಬೀಳಬೇಕಾದ ಮಾತು ಇದರಲ್ಲಿದೆ.

ಎಂಬತ್ತು ಮೀಟರ್ ಎತ್ತರದ ಆ ಬಂಡೆಗೋಡೆ, ಅದರ ನೆತ್ತಿಯಲ್ಲಿ ಹಾಸುಗಲ್ಲಿನ ಹಾಗೆ ಹರಡಿದ ಬಂಡೆ, ಬಂಡೆಯ ಸೀಳುಗಳೊಳಗೆ ನೆರಳು ಹುಡುಕಿಕೊಂಡ ಜರಿಗಿಡಗಳು, ಮೇಲಿನ ಕೆರೆಯಿಂದ ಹೊರಟ ತೊರೆ ನೆಲದೊಳಗೆ ಮಾಯವಾಗಿ ಊರಿನಾಚೆ ಮತ್ತೆ ಮೇಲೇಳುವುದು, ಇವನ್ನೆಲ್ಲ ಆಸೆಯಿಂದ ಓದಿದೆ. ಆದರೆ ನಾನು ಮತ್ತೆ ಮತ್ತೆ ಹೋಗಿ ಓದಿದ್ದು ಸಾರ್ವಜನಿಕ ಕಾಲುದಾರಿ ತೋರಿಸುವ ಹಳದಿ ಬಾಣದ ಗುರುತಿನ ಬಗ್ಗೆ ನೀನು ಬರೆದ ಸಾಲುಗಳನ್ನು. ರೈತನ ಹುಲ್ಲುಗಾವಲಿನ ನಡುವೆಯೇ ಕಾಲುದಾರಿ ಹಾಯುತ್ತದೆ, ನಡೆಯುವವನು ತೆರೆದ ಗೇಟನ್ನು ಮುಚ್ಚಿ ಮುಂದೆ ಹೋಗುತ್ತಾನೆ, ಯಾರೂ ಯಾರನ್ನೂ ತಡೆಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಆ ಸಾಲುಗಳನ್ನು.

ಆ ಹಕ್ಕು ಅಲ್ಲಿಯವರಿಗೆ ಪುಕ್ಕಟೆಯಾಗಿ ಬಂದದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಮ್ಯಾಂಚೆಸ್ಟರ್ ಸುತ್ತಲಿನ ನೂರಾರು ಜನ, ಹೆಚ್ಚಿನವರು ದುಡಿಯುವ ವರ್ಗದ ಹುಡುಗರು, ನಿಷೇಧ ಮೀರಿ ಹತ್ತಿದರು. ಕೆಲವರು ಜೈಲಿಗೂ ಹೋದರು. ಗ್ರಾಮಾಂತರದಲ್ಲಿ ಓಡಾಡುವ ಹಕ್ಕಿನ ಕುರಿತ 1949ರ ಕಾಯಿದೆ ಬಂದ ಮೇಲೆ ಪ್ರತಿ ಜಿಲ್ಲೆಯ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸುವ ಕೆಲಸ ಶುರುವಾಯಿತು. ನಿನ್ನ ಮ್ಯಾಲಮ್‌ನ ಮೇಲೇ ಹಾದುಹೋಗುವ ಪೆನೈನ್ ವೇ ಎಂಬ ಉದ್ದದ ನಡಿಗೆದಾರಿ 1965ರಲ್ಲಿ ತೆರೆಯಿತು.

ನಮ್ಮಲ್ಲಿ ಅಂಥ ದಾಖಲೆ ಇಲ್ಲವೆಂದು ನೀನು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೊಲದ ದಾರಿಗೆ ಜಗಳವಾದಾಗ ಹಿರಿಯರು ಮೊದಲು ಕೇಳುತ್ತಿದ್ದದ್ದು ಏನೆಂದು ನೆನಪಿಸಿಕೋ: 'ಅದು ನಕಾಶೆ ಕಂಡ ದಾರಿಯೋ, ಅಲ್ಲವೋ?' ಪ್ರತಿ ಊರಿನ ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರುಗಳ ನಡುವೆ ತುಂಡು ಗೆರೆಗಳಲ್ಲಿ ಕಾಲುದಾರಿ, ಬಂಡಿದಾರಿಗಳು ಇವೆ. ಈಗ ಆ ನಕಾಶೆಗಳನ್ನು ಕಂದಾಯ ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಟ್ರ್ಯಾಕ್ಟರ್ ಹೋಗಲು ಜಾಗ ಬೇಕಾದಾಗ ಮಾತ್ರ ನಾವು ಅವನ್ನು ಬಿಡಿಸಿ ನೋಡುತ್ತೇವೆ. ಗುಡ್ಡದ ಬುಡದ ಊರುಗಳ ನಕಾಶೆಗಳನ್ನು ಮೇಜಿನ ಮೇಲೆ ಜೋಡಿಸಿಕೊಂಡು ಕುಳಿತರೆ ಒಂದೂರಿನ ತುಂಡು ಗೆರೆ ಎಲ್ಲೆ ದಾಟಿ ಪಕ್ಕದೂರಿನ ಗೆರೆಗೆ ಕೂಡುವುದು ಕಾಣುತ್ತದೆ. ಸಂತೆಗೆ, ಜಾತ್ರೆಗೆ, ತವರಿಗೆ ಜನ ನಡೆದ ದಾರಿಗಳವು. ಅವು ಇವತ್ತಿಗೂ ನಮ್ಮೆಲ್ಲರ ದಾರಿಗಳೇ. ಯಾರೂ ನಡೆಯದಿದ್ದರೆ ಒಂದು ದಿನ ಬೇಲಿಯೊಳಗೆ ಸೇರಿಹೋಗುತ್ತವೆ ಎಂಬುದೇ ನನ್ನ ಆತಂಕ.

ಕಳೆದ ಕಾರ್ತಿಕದಲ್ಲಿ ಅಂಥದ್ದೊಂದು ಗೆರೆ ಹಿಡಿದು ಮಾರಿಕಣಿವೆಯ ಕಡೆಯ ಗುಡ್ಡಸಾಲಿನಲ್ಲಿ ನಡೆದೆ. ವೇದಾವತಿ ಬೆಟ್ಟಸಾಲನ್ನು ಸೀಳಿಕೊಂಡು ಬರುವ ಇಕ್ಕಟ್ಟಿನಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ನಿನಗೆ ಗೊತ್ತೇ ಇದೆ. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ 2022ರಲ್ಲಿ ಮತ್ತೆ ಬಿದ್ದಾಗ ಇಡೀ ಜಿಲ್ಲೆಯೇ ನೋಡಲು ಹೋಗಿತ್ತು. ಹಿನ್ನೀರು ಅಷ್ಟು ಮೇಲೇರಿದಾಗ ಹೊಸದುರ್ಗದ ಕಡೆಯ ತೋಟಗಳೂ ದಾರಿಗಳೂ ಮುಳುಗಿದವು. ಹಾಗಾಗಿ ನಕಾಶೆಯ ಗೆರೆ ಇದ್ದಲ್ಲೆಲ್ಲ ಕಾಲಿಡಲು ನೆಲವಿಲ್ಲ. ದಾರಿ ತೋರಿಸಲು ಕುರಿ ಮೇಯಿಸುವ ಹಿರಿಯರೊಬ್ಬರು ಒಪ್ಪಿದರು. ಗುಡ್ಡದ ಬುಡದಲ್ಲಿ ನಾನು ಮೊಬೈಲ್‌ ತೆಗೆದು ನಕ್ಷೆ ನೋಡುತ್ತಿದ್ದಾಗ ಅವರು ಹೇಳಿದರು: 'ಅದನ್ನು ಜೇಬಿಗೆ ಹಾಕಿ ಸ್ವಾಮಿ. ಕುರಿ ಹಿಕ್ಕೆ ಎಲ್ಲಿದೆ ನೋಡಿಕೊಂಡು ಬನ್ನಿ.' ಅದಕ್ಕಿಂತ ಒಳ್ಳೆಯ ಗುರುತು ಬೇಕಿರಲಿಲ್ಲ. ತಂಗಡಿ, ಬಂದರೆ ಎಂಬ ಪೊದೆಗಿಡಗಳ ನಡುವೆ ಹಿಕ್ಕೆ ಬಿದ್ದ ಜಾಡು ಎಲ್ಲಿಯೂ ಕಡಿದಾಗದೆ, ಸುತ್ತಿ ಸುತ್ತಿ ಮೇಲೇರುತ್ತದೆ. ಕುರಿಗಳು ನೇರವಾಗಿ ಗುಡ್ಡ ಹತ್ತುವುದೇ ಇಲ್ಲ.

ಅರ್ಧ ಹತ್ತಿದ ಮೇಲೆ ಕಲ್ಲು ಬದಲಾಯಿತು. ನಮ್ಮ ಕೋಟೆಯ ಗುಂಡುಬಂಡೆ ನೋಡಿ ಬೆಳೆದ ಕಣ್ಣಿಗೆ ಅದು ಬೇರೆಯದೇ ಲೋಕ. ಇದು ಸುಣ್ಣಕಲ್ಲು, ನೀಲಿ ಬೆರೆತ ಬೂದು ಬಣ್ಣ. ಮೈಯೆಲ್ಲ ಗೀರು ಗೀರಾಗಿ ಆನೆಯ ಚರ್ಮದಂತೆ ಸುಕ್ಕುಗಟ್ಟಿದೆ. ನಡುನಡುವೆ ಕಂದು ಬಣ್ಣದ ಗಟ್ಟಿ ಪಟ್ಟಿಗಳು ಬೆರಳಿಗೆ ತಾಗುವಷ್ಟು ಉಬ್ಬಿ ನಿಂತಿವೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಮಳೆನೀರು ತುಸು ಆಮ್ಲವಾಗಿರುತ್ತದೆ; ಅದು ಸುಣ್ಣವನ್ನು ಕರಗಿಸುತ್ತದೆ, ಮರಳಿನಲ್ಲಿರುವಂಥದ್ದೇ ವಸ್ತುವಾದ ಸಿಲಿಕದ ಈ ಕಂದು ಪಟ್ಟಿಯನ್ನು ಮುಟ್ಟಲಾರದು. ನಿನ್ನ ಮ್ಯಾಲಮ್‌ನ ಸೀಳುಗಳನ್ನು ಅಗಲಿಸಿದ್ದೂ ಇದೇ ನೀರಿನ ಕೆಲಸ. ವಯಸ್ಸಿನ ಮಾತಿಗೆ ಬಂದರೆ ಎರಡಕ್ಕೂ ಹೋಲಿಕೆಯೇ ಇಲ್ಲ. ನಿನ್ನದು ಸುಮಾರು 33 ಕೋಟಿ ವರ್ಷದ ಹಿಂದಿನ ಸಮುದ್ರದಲ್ಲಿ ಚಿಪ್ಪುಜೀವಿಗಳ ಅವಶೇಷ ಸೇರಿ ಆದದ್ದು. ಚಿತ್ರದುರ್ಗದ ಸಾಲಿನ ಸುಣ್ಣಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಆಗ ಚಿಪ್ಪು ಇರುವ ಪ್ರಾಣಿಯೇ ಭೂಮಿಯ ಮೇಲೆ ಇರಲಿಲ್ಲ. ಸಮುದ್ರದ ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳು ಈ ಸಾಲಿನಲ್ಲಿ ಸಿಕ್ಕಿವೆ. ಐಮಂಗಲದ ಕಡೆ ಮರಡಿಹಳ್ಳಿಯಲ್ಲಿ ನೀರಿನಡಿ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾವೂ ಇದೆ, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಓಡುವ ನಾವು ಯಾರೂ ಆ ಕಡೆ ತಿರುಗಿಯೂ ನೋಡುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಆ ಹಿರಿಯರಿಗೆ ಈ ಕಲ್ಲಿನ ಗುಣ ಬೇರೆ ದಾರಿಯಿಂದ ಗೊತ್ತು. ಇಳಿಜಾರಿನಲ್ಲಿ ಅರ್ಧ ಕುಸಿದ ಸುಣ್ಣದ ಗೂಡೊಂದನ್ನು ತೋರಿಸಿದರು. ಒಳಗೋಡೆಯ ಮಣ್ಣು ಸುಟ್ಟು ಇಟ್ಟಿಗೆಯಾಗಿ, ಮೇಲೆ ಬೂದಿಬಣ್ಣದ ಗಾಜಿನಂಥ ಲೇಪ ಹತ್ತಿತ್ತು. ಕಲ್ಲು ಸುಟ್ಟು, ನೀರು ಬಿಟ್ಟು, ಅರಳಿದ ಸುಣ್ಣವನ್ನು ಗೋಣಿಯಲ್ಲಿ ಕಟ್ಟಿ ಕತ್ತೆಯ ಮೇಲೆ ಹೇರುತ್ತಿದ್ದರಂತೆ. ನಾವು ನಿಂತಿದ್ದ ದಾರಿಯ ಕಲ್ಲು ನುಣುಪಾಗಿದ್ದದ್ದು ಆ ಗೊರಸುಗಳಿಂದಲೇ ಎಂದು ಅವರು ಹೇಳಿದಾಗ ನಾನು ಕುಳಿತು ಕೈಯಾಡಿಸಿ ನೋಡಿದೆ.

ಅಲ್ಲಿಗೆ ಬರುವುದಾದರೆ ನೀರಿನ ವಿಚಾರ ತಿಳಿದಿರಲಿ. ಕೋಟೆಯ ಬಂಡೆಯಲ್ಲಿ ಮಳೆನೀರು ದೊಣೆಗಳಲ್ಲಿ ನಿಲ್ಲುತ್ತದೆ, ಅಕ್ಕ-ತಂಗಿ ಹೊಂಡದಿಂದ ಸಂತೆಹೊಂಡದವರೆಗೆ ಇಳಿಸಿಕೊಂಡು ಒಂದು ನಗರವೇ ಬದುಕಿತು. ಸುಣ್ಣಕಲ್ಲಿನ ಗುಡ್ಡದಲ್ಲಿ ಮಳೆ ನಿಂತ ಮರುದಿನಕ್ಕೆ ಒಂದು ಬೊಗಸೆ ನೀರೂ ಸಿಗುವುದಿಲ್ಲ. ಒಬ್ಬರಿಗೆ ಮೂರು ಲೀಟರ್ ಹೊತ್ತೇ ಹೊರಡಬೇಕು. ಹೊತ್ತು ಮೂಡಿದ ಮೇಲೆ ಹತ್ತಿ, ಬಿಸಿಲೇರುವ ಮೊದಲು ಇಳಿಯಬೇಕು. ನಸುಕಿನಲ್ಲಿ ಹೋಗುವುದು ಬೇಡವೇ ಬೇಡ, ಈ ಸಾಲಿನಲ್ಲಿ ಕರಡಿ ಇದೆ. ಒಂದು ಹುತ್ತವನ್ನು ಮೊಣಕಾಲುದ್ದ ಬಗೆದಿತ್ತು. ಅಗೆದ ಮಣ್ಣು ಇನ್ನೂ ಹಸಿ. ಹಿರಿಯರು ಅದನ್ನು ಮುಟ್ಟಿ ನೋಡಿ, ಏನೂ ಹೇಳದೆ ಕೋಲಿನಿಂದ ಬಂಡೆಗೆ ಬಡಿಯುತ್ತಾ, ಜೋರಾಗಿ ಕೂಗು ಹಾಕುತ್ತಾ ಮುಂದೆ ನಡೆದರು. ನಾನೂ ದನಿಗೂಡಿಸಿದೆ.

ಜೋಗಿಮಟ್ಟಿಯ ಮಾತು ಬೇರೆ. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಕೂಡದು, ಕೂಡದೆಂದು ನಾನೂ ಬಯಸುತ್ತೇನೆ. ಅಲ್ಲಿ ನಕಾಶೆ ತೋರಿಸಿ ವಾದ ಮಾಡುವ ಮನಸ್ಸು ನನಗಿಲ್ಲ. ನನ್ನ ಕಾಳಜಿ ಊರಿಗೆ ಸೇರಿದ ಗುಡ್ಡಗಳದ್ದು. ಗಾಳಿಯಂತ್ರ ನಿಲ್ಲಿಸಲು ನೆತ್ತಿಯವರೆಗೆ ರಸ್ತೆ ಕೊರೆದ ಕಡೆ ಹಳೆಯ ಜಾಡು ತುಂಡಾಗಿ, ಮಣ್ಣಿನ ರಾಶಿಯಡಿ ಸೇರಿದೆ. ವಿದ್ಯುತ್ ಬೇಕು, ಸರಿ. ಕೊರೆಯುವ ಮುಂಚೆ ಕುರಿಗಾಹಿಗಳನ್ನು ಕರೆದು ದಾರಿ ಎಲ್ಲಿದೆ ಎಂದು ಕೇಳಿ, ದಾಟಲು ಮೂರಡಿ ಜಾಗ ಬಿಟ್ಟಿದ್ದರೆ ಸಾಕಿತ್ತು.

ಈಗ ನಿನ್ನಿಂದ ನನಗೆ ಬೇಕಾದದ್ದು ಹೇಳುತ್ತೇನೆ. ಹಳೆಯ ದಾರಿಗಳಿಗೆ ಗುರುತು ಹಾಕಿ ಮತ್ತೆ ನಡೆಯುವ ಕೆಲಸವನ್ನು ಮೊದಲು ಚಂದ್ರವಳ್ಳಿಯಿಂದ ಶುರುಮಾಡೋಣ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಆ ಕಣಿವೆಗೆ ದಿನವೂ ವಾಯುವಿಹಾರಕ್ಕೆ ಬರುವವರಿದ್ದಾರೆ, ಕೆರೆ ಕಟ್ಟಿಸಿದ ಸಂಗತಿ ಹೇಳುವ ಕದಂಬ ಮಯೂರಶರ್ಮನ ಶಾಸನವಿದೆ, ಜನರನ್ನು ಕೂಡಿಸುವುದು ಸುಲಭ. ಆಮೇಲೆ ಮಾರಿಕಣಿವೆಯ ಊರುಗಳು. ನಕಾಶೆಗಳನ್ನು ನಾನು ಇಳಿಸಿಟ್ಟಿದ್ದೇನೆ. ಪಂಚಾಯಿತಿಯವರನ್ನು ಕಂಡು ಮಾತಾಡುವುದೂ ನನಗಿರಲಿ. ನೀನಿರುವ ಕಡೆ ಗೇಟು, ಕಲ್ಲುಗೋಡೆ ದಾಟುವ ಮೆಟ್ಟಿಲು, ಬಾಣದ ಗುರುತು ಇವನ್ನೆಲ್ಲ ಎಷ್ಟು ದೂರಕ್ಕೊಂದು, ಎಷ್ಟು ಎತ್ತರದಲ್ಲಿ ಇಟ್ಟಿದ್ದಾರೆ, ದುರಸ್ತಿ ಯಾರು ಮಾಡುತ್ತಾರೆ, ರೈತನಿಗೆ ತೊಂದರೆಯಾದರೆ ಯಾರಿಗೆ ಹೇಳುತ್ತಾನೆ, ಇಷ್ಟನ್ನು ವಿಚಾರಿಸಿ ಬರೆ. ಬಣ್ಣ ಬಳಿದು ಬಂಡೆ ಕೆಡಿಸುವುದು ನನಗೆ ಇಷ್ಟವಿಲ್ಲ. ಕಲ್ಲು ಪೇರಿಸಿದ ಗುರುತೇ ಸಾಕು ಎನಿಸುತ್ತದೆ, ನಿನ್ನ ಅಭಿಪ್ರಾಯವೂ ಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೀಯಲ್ಲ, ಬರುವ ದಿನಾಂಕವನ್ನು ಬೇಗ ತಿಳಿಸು. ಹಿರಿಯರು ಆ ಹೊತ್ತಿಗೆ ಮಂದೆಯನ್ನು ಎಲ್ಲಿಗೆ ಹೊಡೆದುಕೊಂಡು ಹೋಗಿರುತ್ತಾರೋ ಮೊದಲೇ ಕೇಳಿಟ್ಟುಕೊಳ್ಳಬೇಕು.

ನಿನ್ನವನೇ ಆದ
ದುರ್ಗದ ಗೆಳೆಯ