ಹನ್ನೆರಡು ಗೋಲು ಸಾಲದೇ ಹೋದ ಆಟಗಾರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಗೋಲು ಹೊಡೆಯೋದರಲ್ಲೇ ಆಯುಷ್ಯ ಕಳೆದವರಿಗೆ ತಂಡ ಕಟ್ಟೋದು ಬರಲ್ಲ ಅಂತ ನೀನು ಹಟ ಹಿಡಿದಿದ್ದೀಯಲ್ಲ, ಅದಕ್ಕೇ ಈ ಕಾಗದ. ಫುಟ್‌ಬಾಲ್ ಆಟಗಾರರಾಗಿದ್ದು ಆಮೇಲೆ ಕೋಚ್ ಆದ ಯುಪ್ ಹೈಂಕೆಸ್ ಒಬ್ಬರನ್ನು ನೋಡಿದರೆ ಸಾಕು.

1945ರ ಮೇ 9ರಂದು ಜರ್ಮನಿಯ ಮೋನ್ಶೆನ್‌ಗ್ಲಾಡ್‌ಬಾಖ್‌ನಲ್ಲಿ ಕಮ್ಮಾರರ ಮನೆಯಲ್ಲಿ ಹುಟ್ಟಿದವರು, ಹತ್ತು ಮಕ್ಕಳಲ್ಲಿ ಒಂಬತ್ತನೆಯವರು. ಕಲಿತ ಕಸುಬು ಗಾರೆ ಕೆಲಸ. ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ 369 ಪಂದ್ಯ, 220 ಗೋಲು. ಅದರಲ್ಲಿ 195 ಊರಿನ ತಂಡ ಬೊರುಸಿಯಾಕ್ಕೇ. ತಂಡಕ್ಕೆ ನಾಲ್ಕು ಲೀಗ್ ಪ್ರಶಸ್ತಿ, 1975ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್. ದೇಶದ ಪರವಾಗಿ 1972ರ ಯೂರೋ, 1974ರ ವಿಶ್ವಕಪ್.

ಆದರೆ ನೀನು ನೆನಪಿಡಬೇಕಾದ ದಿನ 1978ರ ಏಪ್ರಿಲ್ 29. ಲೀಗಿನ ಕೊನೆಯ ಪಂದ್ಯ. ಬೊರುಸಿಯಾ, ಕೊಲೋನ್ ಎರಡಕ್ಕೂ ಪಾಯಿಂಟ್ ಸಮ. ಪಾಯಿಂಟ್ ಸಮವಾದರೆ ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸವೇ ತೀರ್ಪು; ಅದರಲ್ಲಿ ಕೊಲೋನ್ ಹತ್ತು ಮುಂದೆ. ಹೈಂಕೆಸ್‌ಗೆ ಅದು ಬುಂಡೆಸ್‌ಲೀಗಾದ ಕಡೇ ಆಟ. ಡಾರ್ಟ್‌ಮುಂಡ್ ಮೇಲೆ 12-0, ಅವರದೇ ಐದು ಗೋಲು. ಅತ್ತ ಕೊಲೋನ್ 5-0 ಗೆದ್ದುಬಿಟ್ಟಿತು. ಮೂರೇ ಗೋಲಿನಲ್ಲಿ ಪ್ರಶಸ್ತಿ ಕೈತಪ್ಪಿತು. ಕೊಲೋನ್‌ನ ಕೋಚ್ ಯಾರು ಗೊತ್ತಾ? ಹಿಂದೆ ಹೈಂಕೆಸ್‌ರನ್ನು ತಿದ್ದಿ ಬೆಳೆಸಿದ ಹೆನ್ನೆಸ್ ವೈಸ್‌ವೈಲರ್!

ಕೋಚ್ ಆದಮೇಲೆ ಮ್ಯೂನಿಕ್‌ನ ಬಯರ್ನ್ ತಂಡಕ್ಕೆ 1989, 1990ರ ಲೀಗ್ ಗೆದ್ದುಕೊಟ್ಟರು. 1998ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ 32 ವರ್ಷಗಳ ನಂತರ ಯುರೋಪಿನ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ತಂದರು. ಆದರೂ ಲೀಗಿನಲ್ಲಿ ನಾಲ್ಕನೇ ಸ್ಥಾನ ಬಂತೆಂದು ಮನೆಗೆ ಕಳಿಸಿದರು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇನ್ನು 2012ರ ಮೇ 19, ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಹೈಂಕೆಸ್ ಆಗ ಮತ್ತೆ ಬಯರ್ನ್ ಕೋಚ್, ಎದುರಾಳಿ ಇಂಗ್ಲೆಂಡಿನ ಚೆಲ್ಸಿ. ಬಯರ್ನ್‌ಗೆ 20 ಕಾರ್ನರ್, ಚೆಲ್ಸಿಗೆ ಒಂದೇ ಒಂದು. 83ನೇ ನಿಮಿಷದಲ್ಲಿ ಮುಲ್ಲರ್ ಗೋಲು. ಗೆಲುವು ಕಾಯ್ದುಕೊಳ್ಳಲು ಹೈಂಕೆಸ್ ಆ ಮುಲ್ಲರ್‌ರನ್ನೇ ಹೊರಕ್ಕೆ ಕರೆದು ಡಿಫೆಂಡರ್ ವಾನ್ ಬ್ಯುಟನ್‌ರನ್ನು ಇಳಿಸಿದರು. 88ರಲ್ಲಿ ಚೆಲ್ಸಿಯ ಆ ಏಕೈಕ ಕಾರ್ನರ್‌ಗೆ ದ್ರೊಗ್ಬಾ ತಲೆ ಕೊಟ್ಟು ಗೋಲು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಬಯರ್ನ್‌ನ ರಾಬೆನ್ ಪೆನಾಲ್ಟಿ ವ್ಯರ್ಥ. ಕೊನೆಗೆ ಪೆನಾಲ್ಟಿ ಶೂಟ್‌ಔಟ್‌ನಲ್ಲಿ ಬಯರ್ನ್‌ನ ಮೂರನೇ ಒದೆತಕ್ಕೆ ಗೋಲ್‌ಕೀಪರ್ ನೋಯರ್ ಬರಬೇಕಾಯಿತು. ಸೋಲು. ಆ ವರ್ಷ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೇ ಸ್ಥಾನ.

ಮುಂದಿನ ಸೀಸನ್ನಿಗೆ ಆದ ರಿಪೇರಿ ನೋಡು. ಸ್ಪೇನಿನ ಬಿಲ್ಬಾವೊ ತಂಡದಿಂದ ಹಾವಿ ಮಾರ್ಟಿನೆಸ್, 4 ಕೋಟಿ ಯೂರೋ. ಶ್ವೈನ್‌ಸ್ಟೈಗರ್ ಪಕ್ಕದಲ್ಲಿ ನಿಂತು ಡಿಫೆಂಡರ್‌ಗಳ ಮುಂದಿನ ಜಾಗ ಮುಚ್ಚುವುದು, ಗಾಳಿಯಲ್ಲಿ ಬಂದ ಚೆಂಡನ್ನು ತಲೆಯಿಂದ ಹೊರಗಟ್ಟುವುದು ಅವರ ಕೆಲಸ. ಮುಂದೆ ಮಾಂಜುಕಿಚ್: ಗೋಲು ಹೊಡೆಯುವುದರ ಜೊತೆಗೆ ಎದುರಾಳಿ ಡಿಫೆಂಡರ್‌ಗಳ ಬೆನ್ನು ಬೀಳುವುದು. ಎಡಗಡೆ ಡಿಫೆಂಡರ್ ಅಲಾಬಾ ಮುಂದೆ ಓಡಿದರೆ ಅವರು ಬಿಟ್ಟ ಜಾಗ ಬಯಲು. ರಿಬೆರಿ ಹಿಂದೆ ಬಂದು ತುಂಬದಿದ್ದರೆ ಅಲ್ಲೇ ತೂತು. ಹೆಸರು ಮಾಡಿದ ರಿಬೆರಿ, ರಾಬೆನ್‌ರಂಥವರನ್ನು ಹಿಂದಕ್ಕೆ ಓಡಲು ಒಪ್ಪಿಸಿದ್ದೇ ಹೈಂಕೆಸ್‌ರ ಅಸಲಿ ಸಾಧನೆ.

ಫಲ? ಲೀಗಿನ 34 ಪಂದ್ಯಗಳಲ್ಲಿ 98 ಗೋಲು ಹೊಡೆದು, ಬಿಟ್ಟುಕೊಟ್ಟದ್ದು 18. ಎರಡನೆಯವರಿಗಿಂತ 25 ಪಾಯಿಂಟ್ ಮುಂದೆ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ಮೇಲೆ ಎರಡು ಪಂದ್ಯ ಸೇರಿ 7-0. ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಫೈನಲ್‌ನಲ್ಲಿ ಡಾರ್ಟ್‌ಮುಂಡ್ ವಿರುದ್ಧ 2-1, ಅದೂ 89ನೇ ನಿಮಿಷದಲ್ಲಿ ರಾಬೆನ್ ಕಾಲಿನಿಂದಲೇ. ವಾರದ ನಂತರ ಜರ್ಮನ್ ಕಪ್ಪೂ ಬಂತು. ಆಗ ಹೈಂಕೆಸ್‌ಗೆ 68.

ಆ ಸೀಸನ್ನಿನ ಯಾವುದಾದರೂ ಒಂದು ಪಂದ್ಯ ಪೂರ್ತಿ ಹಾಕಿಕೊಂಡು ನೋಡು. ಬಯರ್ನ್ ಚೆಂಡು ಕಳಕೊಂಡ ಕೂಡಲೇ ಚೆಂಡನ್ನು ಬಿಟ್ಟು ಎಡ ಅಂಚಿನಲ್ಲಿರುವ ರಿಬೆರಿ ಮೇಲೆ ಕಣ್ಣಿಡು. ಆಮೇಲೆ ಉತ್ತರ ಬರಿ.

ನಿನ್ನ ಗೆಳೆಯ