ವೇವರ್‌ಗೆ ಹಣ ಪಡೆದು, ವಸೂಲಿ ನೋಟಿಸನ್ನೂ ಕಳುಹಿಸಿದ ಬಗ್ಗೆ ದೂರು

ಬೈಕಂಪಾಡಿ, ಮಂಗಳೂರು
ದಿನಾಂಕ: 12-03-2025

ಗೆ,
ಕುಂದುಕೊರತೆ ಅಧಿಕಾರಿಗಳು,
ವಿಮಾ ಕಂಪನಿಯ ವಿಭಾಗೀಯ ಕಚೇರಿ, ಮಂಗಳೂರು

ವಿಷಯ: ಕಾರ್ಮಿಕ ಪರಿಹಾರ ಪಾಲಿಸಿಯಲ್ಲಿ ಸಬ್ರೊಗೇಶನ್ ವೇವರ್ (ಕೊಟ್ಟ ಪರಿಹಾರವನ್ನು ಅಪಘಾತಕ್ಕೆ ಕಾರಣರಾದವರಿಂದ ವಸೂಲು ಮಾಡುವ ಹಕ್ಕನ್ನು ವಿಮಾ ಕಂಪನಿ ಬಿಟ್ಟುಕೊಡುವುದು) ಎಂಡಾರ್ಸ್‌ಮೆಂಟ್, ಅಂದರೆ ಅದನ್ನು ಪಾಲಿಸಿಗೆ ಸೇರಿಸುವ ಹಾಳೆ, ಕೊಡದಿರುವುದು

ಮಾನ್ಯರೇ,

ನಮ್ಮ ಕೆಲಸದವನಿಗೆ ನೀವು ಪರಿಹಾರ ಕೊಟ್ಟಿಲ್ಲ ಎಂಬ ದೂರು ಇದಲ್ಲ. ಕೊಟ್ಟಿದ್ದೀರಿ, ಸತಾಯಿಸದೆ ಕೊಟ್ಟಿದ್ದೀರಿ. ನನ್ನ ತಕರಾರು ಅದರ ನಂತರ ನಡೆದದ್ದರ ಬಗ್ಗೆ.

ನಾನು ಪೇಂಟಿಂಗ್ ಮತ್ತು ಸ್ಕ್ಯಾಫೋಲ್ಡಿಂಗ್ ಕಾಂಟ್ರಾಕ್ಟರ್. ಹನ್ನೊಂದು ಜನ ಹುಡುಗರು, ಒಂದು ಪಿಕಪ್, ಇಷ್ಟೇ ನನ್ನ ಸಂಸ್ಥೆ. ಕಳೆದ ವರ್ಷ ಇಲ್ಲಿನ ಒಂದು ದೊಡ್ಡ ಕಾರ್ಖಾನೆಯ ಕೆಲಸ ಸಿಕ್ಕಿತು. ಕಾಂಟ್ರಾಕ್ಟರ್‌ನ ಪಾಲಿಸಿಯಲ್ಲಿ ಕಾರ್ಖಾನೆಯ ಪರವಾಗಿ ಸಬ್ರೊಗೇಶನ್ ವೇವರ್ ಇರಬೇಕು, ಇಲ್ಲದಿದ್ದರೆ ಗೇಟ್ ಪಾಸ್ ಇಲ್ಲ ಎಂದು ವರ್ಕ್ ಆರ್ಡರಿನಲ್ಲಿ ಬರೆದಿತ್ತು. ವೇವರ್ ಇಲ್ಲದೆ ನನ್ನ ವಿಮಾ ಕಂಪನಿ ಕಾರ್ಖಾನೆಯ ಮೇಲೆ ವಸೂಲಿಗೆ ಬಂದರೆ ಆ ಮೊತ್ತವನ್ನು ನನ್ನ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತೇವೆ ಎಂಬ ಸಾಲೂ ಅದರ ಕೆಳಗೇ ಇತ್ತು. ಆ ಪುಟದ ಜೆರಾಕ್ಸ್ ಹಿಡಿದುಕೊಂಡೇ ನಿಮ್ಮ ಕಚೇರಿಗೆ ಬಂದಿದ್ದೆ. ನೀವು ವೇವರ್‌ಗೆಂದು ಬೇರೆಯಾಗಿ 4,200 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 756, ಒಟ್ಟು 4,956 ರೂಪಾಯಿ ತೆಗೆದುಕೊಂಡಿರಿ. ರಸೀದಿ ಲಗತ್ತಿಸಿದ್ದೇನೆ. ಇಮೇಲಿನಲ್ಲಿ ಬಂದ ಇನ್ಶೂರೆನ್ಸ್ ಸರ್ಟಿಫಿಕೇಟಿನಲ್ಲಿ 'ವೇವರ್ ಅನ್ವಯಿಸುತ್ತದೆ' ಎಂಬ ಒಂದು ಸಾಲು ಇತ್ತು. ಪಾಲಿಸಿಯ ಜೊತೆ ಎಂಡಾರ್ಸ್‌ಮೆಂಟ್ ಹಾಳೆ ಕಾಣಲಿಲ್ಲ, ಕೇಳಿದೆ. ಕೌಂಟರಿನಲ್ಲಿದ್ದವರು, "ಸರ್ಟಿಫಿಕೇಟಲ್ಲಿ ಬಂದುಂಟಲ್ಲ, ಇನ್ನೆಂತ ಬೇಕು ಮಾರಾಯ್ರೆ?" ಎಂದರು. ನಂಬಿ ಬಂದೆ. ಅದು ನನ್ನ ತಪ್ಪು ಎನ್ನುವುದಾದರೆ ಅಷ್ಟು ತಪ್ಪು ನನ್ನದು.

ಆಗಸ್ಟ್‌ನಲ್ಲಿ, ಆಟಿಯ ಮಳೆ ಇನ್ನೂ ಬಿಟ್ಟಿರಲಿಲ್ಲ, ಶೆಡ್ಡಿನ ಒಳಗೆ ಮಾಡು ಹೊರುವ ಕಬ್ಬಿಣದ ಚೌಕಟ್ಟಿಗೆ (ಟ್ರಸ್) ಬಣ್ಣ ಹಚ್ಚುತ್ತಿದ್ದೆವು. ಕಾರ್ಖಾನೆಯ ಫೋರ್ಕ್‌ಲಿಫ್ಟ್ ರಿವರ್ಸ್ ಬರುವಾಗ ಸ್ಕ್ಯಾಫೋಲ್ಡಿಂಗಿನ ಮೂಲೆಯ ಪೈಪಿಗೆ ಗುದ್ದಿತು. ಬೆಲ್ಟ್ ಬಿಚ್ಚಿ ಇಳಿಯುತ್ತಿದ್ದ ಹುಡುಗ ಬಣ್ಣದ ಡಬ್ಬಿಯ ಸಮೇತ ಕೆಳಗೆ ಬಿದ್ದ. ಬಲಗಾಲಿನ ಹಿಮ್ಮಡಿ ಚೂರಾಯಿತು. 34 ವರ್ಷ ಪ್ರಾಯ. ವೈದ್ಯರು ದುಡಿಯುವ ಶಕ್ತಿಯಲ್ಲಿ ಶೇ. 20 ನಷ್ಟ ಎಂದು ಬರೆದರು. 1923ರ ನೌಕರರ ಪರಿಹಾರ ಕಾಯ್ದೆಯ ಲೆಕ್ಕದಲ್ಲಿ 15,000 ಸಂಬಳದ ಶೇ. 60 ಎಂದರೆ 9,000, ಪ್ರಾಯದ ಗುಣಕ 199.40, ಅದರ ಶೇ. 20. ಒಟ್ಟು 3,58,920 ರೂಪಾಯಿ ನೀವು ಕೊಟ್ಟಿರಿ.

ಎರಡು ತಿಂಗಳಾದ ಮೇಲೆ ನಿಮ್ಮ ವಕೀಲರು ಅದೇ 3,58,920ಕ್ಕೆ ಕಾರ್ಖಾನೆಗೆ ನೋಟಿಸು ಕಳುಹಿಸಿದರು. ಕಾರ್ಖಾನೆಯವರು ವರ್ಕ್ ಆರ್ಡರ್ ತೋರಿಸಿ ನನ್ನ 6,40,000 ರೂಪಾಯಿಯ ರನ್ನಿಂಗ್ ಬಿಲ್ ಪೂರ್ತಿ ತಡೆಹಿಡಿದರು, ಹುಡುಗರ ಗೇಟ್ ಪಾಸನ್ನೂ ನಿಲ್ಲಿಸಿದರು.

ನಿಮ್ಮ ಉತ್ತರದಲ್ಲಿ ಎರಡು ಮಾತು ಇವೆ. ಒಂದು, ಕಾಯ್ದೆಯ ಸೆಕ್ಷನ್ 13ರ ಪ್ರಕಾರ ಪರಿಹಾರ ಕೊಟ್ಟವರು ಅಪಘಾತಕ್ಕೆ ಕಾರಣರಾದ ಬೇರೆಯವರಿಂದ ಆ ಹಣ ಕೇಳಬಹುದು. ಕೇಳಬಹುದು, ನಾನು ಇಲ್ಲ ಎನ್ನುವುದಿಲ್ಲ. ಆದರೆ ಆ ಹಕ್ಕನ್ನು ಈ ಕಾರ್ಖಾನೆಯ ಮಟ್ಟಿಗೆ ಬಿಟ್ಟುಕೊಡಲೆಂದೇ ನನ್ನಿಂದ ದುಡ್ಡು ತೆಗೆದುಕೊಂಡದ್ದು. ಅಪಘಾತ ಆದ ಮೇಲೆ ನಾನಾಗಿ ಕಾರ್ಖಾನೆಗೆ 'ಹೋಗಲಿ ಬಿಡಿ' ಎಂದು ಬರೆದುಕೊಟ್ಟರೆ ನಿಮ್ಮ ಹಕ್ಕಿಗೆ ಧಕ್ಕೆ ಎಂದು ನನ್ನನ್ನೇ ಹಿಡಿಯುತ್ತಿದ್ದಿರಿ. ಅದಕ್ಕೇ ಮೊದಲೇ ನಿಮ್ಮ ಕೈಯಿಂದಲೇ ಬರೆಸಿಕೊಳ್ಳಲು ಬಂದದ್ದು.

ಎರಡನೆಯದು, 'ಸರ್ಟಿಫಿಕೇಟ್ ಕೇವಲ ಮಾಹಿತಿಗಾಗಿ, ಅದು ಪಾಲಿಸಿಯನ್ನು ಬದಲಿಸುವುದಿಲ್ಲ' ಎಂಬ ಅಡಿಟಿಪ್ಪಣಿ. ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ, ಮಗಳ ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದೆ. ಅದು ಸರಿ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಪಾಲಿಸಿಯಲ್ಲಿ ಇಲ್ಲದ ವೇವರ್‌ಗೆ 4,956 ರೂಪಾಯಿ ಯಾವ ಬಾಬ್ತು? ಈ ಪ್ರಶ್ನೆಗೆ ನಿಮ್ಮ ಮೂರು ಇಮೇಲುಗಳಲ್ಲಿ ಎಲ್ಲೂ ಉತ್ತರ ಇಲ್ಲ.

ಈಗ ಹಣ ಸುತ್ತುವ ದಾರಿ ನೋಡಿ. ನೀವು ಕಾರ್ಖಾನೆಯಿಂದ ವಸೂಲು ಮಾಡುತ್ತೀರಿ, ಕಾರ್ಖಾನೆ ನನ್ನ ಬಿಲ್ಲಿನಲ್ಲಿ ಮುರಿಯುತ್ತದೆ. ಪ್ರೀಮಿಯಂ ಕಟ್ಟಿದವನೂ ನಾನೇ, ಕ್ಲೇಮಿನ ಹಣ ಕೊಟ್ಟವನೂ ನಾನೇ. ಇದಕ್ಕೆ ವಿಮೆ ಯಾಕೆ ಬೇಕಿತ್ತು?

ನಾನು ಕೇಳುವುದು ಇಷ್ಟು. ಕಾರ್ಖಾನೆಗೆ ಕಳುಹಿಸಿದ ನೋಟಿಸನ್ನು ಲಿಖಿತವಾಗಿ ವಾಪಸು ಪಡೆಯಿರಿ, ಅದರ ಪ್ರತಿ ನನಗೂ ಕೊಡಿ. ಪಾಲಿಸಿ ಶುರುವಾದ ದಿನದಿಂದಲೇ ಜಾರಿಯಾಗುವಂತೆ ವೇವರ್ ಎಂಡಾರ್ಸ್‌ಮೆಂಟ್ ಹೊರಡಿಸಿ. 4,956 ಹಿಂದಿರುಗಿಸಿ ಕೈತೊಳೆದುಕೊಳ್ಳುವ ಪ್ರಸ್ತಾಪ ಬೇಡ, ಅದನ್ನು ನಿಮ್ಮ ಏಜೆಂಟರು ಆಗಲೇ ಫೋನಿನಲ್ಲಿ ಹೇಳಿ ನೋಡಿದ್ದಾರೆ.

ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ದಾಖಲಿಸುತ್ತೇನೆ. ತಿಂಗಳು ಕಳೆದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗುತ್ತೇನೆ.

ರಸೀದಿ, ಸರ್ಟಿಫಿಕೇಟ್, ವರ್ಕ್ ಆರ್ಡರಿನ ಆ ಪುಟ ಮತ್ತು ವಕೀಲರ ನೋಟಿಸಿನ ಪ್ರತಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಪಾಲಿಸಿದಾರ